ವಾರ್ಡಿನ ಆಳು, ಕಾಲೇಜಿನ ವಿದ್ಯಾರ್ಥಿನಿ

1946ರಲ್ಲಿ, ದೇಶ ಇನ್ನೂ ಸ್ವತಂತ್ರವಾಗಿರದ ಹೊತ್ತಿನಲ್ಲಿ, ದೆಹಲಿಯಲ್ಲಿ ಮತ್ತು ಮದ್ರಾಸ್ ಪ್ರಾಂತ್ಯದ ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ತರಗತಿಗಳು ಶುರುವಾದವು. ನಮ್ಮನ್ನು ಆಳುತ್ತಿದ್ದ ಬ್ರಿಟನ್ನಿನಲ್ಲೇ ಆಗ ಅಂಥ ಪದವಿ ಇರಲಿಲ್ಲ. ಅಲ್ಲಿನ ಎಡಿನ್‌ಬರೊ ವಿಶ್ವವಿದ್ಯಾಲಯ ಅದನ್ನು ಆರಂಭಿಸಿದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ನರ್ಸ್ ಆಗಬೇಕಾದರೆ ಪದವಿ ಓದಲೇಬೇಕು ಎಂಬ ನಿಯಮ ಪೂರ್ತಿ ಜಾರಿಗೆ ಬರುವಷ್ಟರಲ್ಲಿ 2013 ಬಂದಿತ್ತು. ನರ್ಸಿಂಗ್ ಎಂದರೆ ಫ್ಲಾರೆನ್ಸ್ ನೈಟಿಂಗೇಲ್ ಎಂದು ಶಾಲೆಯಲ್ಲಿ ಓದಿಕೊಂಡು ಬಂದ ನಮಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಲಿಲ್ಲ.

ಆದರೆ ಪದವಿ ಬಂದಷ್ಟಕ್ಕೇ ಒಂದು ಹಳೆಯ ಜಗಳ ಮುಗಿಯಲಿಲ್ಲ. ನರ್ಸಿಂಗ್ ಕಲಿಯಲು ಬಂದ ಹುಡುಗಿ ವಿದ್ಯಾರ್ಥಿನಿಯೋ ಅಥವಾ ಆಸ್ಪತ್ರೆಗೆ ಅಗ್ಗದಲ್ಲಿ ಸಿಕ್ಕ ಕೆಲಸದಾಳೋ? ನರ್ಸಿಂಗ್ ಶಿಕ್ಷಣದ ಚರಿತ್ರೆಯನ್ನು ಎಲ್ಲಿಂದ ಬಿಡಿಸುತ್ತ ಹೋದರೂ ಈ ಪ್ರಶ್ನೆ ಎದುರಾಗುತ್ತದೆ.

ಅದರ ಮೂಲ 1860ರ ಲಂಡನ್ನಿನಲ್ಲಿದೆ. ಕ್ರಿಮಿಯಾ ಯುದ್ಧದ ದಿನಗಳಿಂದ ಜನರು ನೈಟಿಂಗೇಲ್ ಹೆಸರಿನಲ್ಲಿ ಸಂಗ್ರಹಿಸಿಕೊಟ್ಟ ಸುಮಾರು 45,000 ಪೌಂಡ್ ನಿಧಿಯಿಂದ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ಆರಂಭವಾಯಿತು. ಸೇರಿದವರಿಗೆ ಊಟ, ವಸತಿ, ಸಮವಸ್ತ್ರ, ಜೊತೆಗೆ ವರ್ಷಕ್ಕೆ ಹತ್ತು ಪೌಂಡ್. ವರ್ಷವಿಡೀ ವಾರ್ಡಿನಲ್ಲಿ ದುಡಿಯುತ್ತಲೇ ಕಲಿಯಬೇಕು. ಮೇಟ್ರನ್ ಸಾರಾ ವಾರ್ಡ್‌ರೋಪರ್ ಪ್ರತಿಯೊಬ್ಬಳ ಹೆಸರಿನಲ್ಲೂ ತಿಂಗಳಿಗೊಂದು ಹಾಳೆ ತುಂಬುತ್ತಿದ್ದರು. ಅದರಲ್ಲಿ ಎರಡು ಭಾಗ. ಒಂದು ಕಡೆ ನಡತೆ: ಸಮಯಪಾಲನೆ, ಗದ್ದಲ ಮಾಡದಿರುವುದು, ನಂಬಿಕಸ್ಥಿಕೆ, ಮೈಬಟ್ಟೆಯ ಚೊಕ್ಕಟತನ. ಇನ್ನೊಂದು ಕಡೆ ಕೈಗೆಲಸ: ಗಾಯಕ್ಕೆ ಪಟ್ಟಿ ಕಟ್ಟುವುದು, ಜಿಗಣೆ ಹಚ್ಚುವುದು, ಎನಿಮಾ ಕೊಡುವುದು, ಹಾಸಿಗೆ ಹಾಕುವುದು, ರೋಗಿಗೆ ಗಂಜಿ ಬೇಯಿಸುವುದು, ರೋಗಿಯನ್ನು ಗಮನಿಸುವುದು. ಒಂದೊಂದಕ್ಕೂ ‘ಅತ್ಯುತ್ತಮ’ದಿಂದ ‘ಸೊನ್ನೆ’ಯವರೆಗೆ ದರ್ಜೆ ಕೊಡುತ್ತಿದ್ದರು.

ಈ ಹಾಳೆಯನ್ನು ಹಗುರವಾಗಿ ಕಾಣಬಾರದು. ಯಾರು ಬೇಕಾದರೂ ಮಾಡಬಹುದು ಎಂದುಕೊಂಡಿದ್ದ ಕೆಲಸವನ್ನು ಒಂದೊಂದಾಗಿ ಬಿಡಿಸಿ, ಕಲಿಸಬಹುದು, ಅಳೆಯಬಹುದು ಎಂದು ತೋರಿಸಿದ್ದು ಅದು. ಆದರೆ ವಿದ್ಯೆಗಿಂತ ನಡತೆಗೆ ಹೆಚ್ಚು ತೂಕ ಕೊಡುವ ರೂಢಿಯೂ ಅಲ್ಲಿಂದಲೇ ಬಂತು. ಪರೀಕ್ಷೆ ನಡೆಸಿ, ನೋಂದಣಿ ಮಾಡಿ ನರ್ಸ್ ಎಂದು ಮಾನ್ಯತೆ ಕೊಡುವ ಪದ್ಧತಿಯನ್ನು ನೈಟಿಂಗೇಲ್ ಖಡಾಖಂಡಿತವಾಗಿ ವಿರೋಧಿಸಿದರು. ಒಳ್ಳೆಯ ನರ್ಸನ್ನು ಪರೀಕ್ಷೆಯಲ್ಲಿ ಗುರುತಿಸಲಾಗದು ಎಂಬುದು ಅವರ ವಾದ. ಈಗ ಅವರ ಹೆಸರಿನಲ್ಲಿ ದೀಪ ಹಚ್ಚಿ ತೆಗೆದುಕೊಳ್ಳುವ ಪ್ರತಿಜ್ಞೆಯೂ ಅವರು ಬರೆದದ್ದಲ್ಲ. ಅದು 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಸಂಗಡಿಗರ ಕೈಯಲ್ಲಿ ಸಿದ್ಧವಾಯಿತು.

ನೈಟಿಂಗೇಲ್ ಶಾಲೆಯ ಆ ಮಾದರಿ ಭಾರತಕ್ಕೆ ಬಂದದ್ದು ಸೈನ್ಯದ ಆಸ್ಪತ್ರೆ ಮತ್ತು ಮಿಷನ್ ಆಸ್ಪತ್ರೆಗಳ ಮೂಲಕ. ಹೆಂಗಸರ ವೈದ್ಯಕೀಯ ನೆರವಿಗೆಂದು 1885ರಲ್ಲಿ ಹುಟ್ಟಿದ ಲೇಡಿ ಡಫರಿನ್ ನಿಧಿಯ ಗುರಿಗಳಲ್ಲಿ ನರ್ಸುಗಳ, ಸೂಲಗಿತ್ತಿಯರ ತರಬೇತಿಯೂ ಸೇರಿತ್ತು. ಕಲಿಯಲು ಮಾತ್ರ ಹುಡುಗಿಯರು ಸಿಗುತ್ತಿರಲಿಲ್ಲ. ಪರಪುರುಷರ ಮೈ ಮುಟ್ಟಬೇಕು, ಮಲಮೂತ್ರ ಬಳಿಯಬೇಕು, ರಾತ್ರಿ ಮನೆಯಿಂದ ಹೊರಗಿರಬೇಕು, ಯಾವ ಜಾತಿಯವರ ಪಕ್ಕದಲ್ಲಾದರೂ ನಿಲ್ಲಬೇಕು. ಮಡಿ-ಮೈಲಿಗೆಯ ಸಮಾಜಕ್ಕೆ ಇವುಗಳಲ್ಲಿ ಒಂದೇ ಸಾಕಿತ್ತು. ಹಾಗಾಗಿ ಮೊದಮೊದಲು ಈ ಕೆಲಸಕ್ಕೆ ಬಂದವರು ಬಹುಪಾಲು ಕ್ರೈಸ್ತ ಮತ್ತು ಆಂಗ್ಲೋ-ಇಂಡಿಯನ್ ಹೆಣ್ಣುಮಕ್ಕಳು. ಉಳಿದವರು ಹಿಂಜರಿದ ಕಾಲದಲ್ಲಿ ಅವರು ಹೊತ್ತ ಭಾರದ ಮೇಲೆಯೇ ನಮ್ಮ ಆಸ್ಪತ್ರೆಗಳು ನಿಂತವು. ಇದನ್ನು ನಾವು ಕೃತಜ್ಞತೆಯಿಂದ ನೆನೆದದ್ದು ತೀರಾ ಕಡಿಮೆ.

ವೆಲ್ಲೂರಿನಲ್ಲಿ ಡಾ. ಇಡಾ ಸ್ಕಡರ್ ಅವರ ಆಸ್ಪತ್ರೆಯಲ್ಲಿ 1909ರಲ್ಲಿ ಡೀಲಿಯಾ ಹೌಟನ್ ನರ್ಸಿಂಗ್ ಶಾಲೆ ಆರಂಭಿಸಿದರು. ಅದಕ್ಕೆ ಒಂದು ವರ್ಷ ಮುಂಚೆ, 1908ರಲ್ಲಿ, ತರಬೇತಿ ಪಡೆದ ನರ್ಸುಗಳು ತಮ್ಮದೇ ಅಖಿಲ ಭಾರತ ಸಂಘ ಕಟ್ಟಿಕೊಂಡಿದ್ದರು. 1926ರಲ್ಲಿ ಮದ್ರಾಸ್ ಪ್ರಾಂತ್ಯ ನರ್ಸುಗಳ ನೋಂದಣಿಗೆ ಕಾನೂನು ತಂದಿತು. ಆದರೂ ಎಷ್ಟೋ ಕಡೆ ಕಲಿಕೆಯ ಕ್ರಮ ಹಾಗೇ ಇತ್ತು. ಹಗಲಿಡೀ ಡ್ಯೂಟಿ ಮಾಡಿ ದಣಿದು ಬಂದವರಿಗೆ ಸಂಜೆ ಪಾಠ. ವಾರ್ಡಿನಲ್ಲಿ ಕೈ ಸಾಲದ ದಿನ ಆ ಪಾಠಕ್ಕೂ ಸಂಚಕಾರ.

ಹಾಗಿದ್ದರೆ 1946ರ ಪದವಿ ಎಲ್ಲಿಂದ ಬಂತು? ಎರಡನೆಯ ಮಹಾಯುದ್ಧದ ದಿನಗಳು ನರ್ಸುಗಳ ಕೊರತೆಯನ್ನು ಎತ್ತಿ ತೋರಿಸಿದ್ದವು. 1943ರಲ್ಲಿ ನೇಮಕವಾದ ಸರ್ ಜೋಸೆಫ್ ಭೋರ್ ಸಮಿತಿ ದೇಶದ ಆರೋಗ್ಯದ ಸ್ಥಿತಿಗತಿಯನ್ನು ಲೆಕ್ಕ ಹಾಕಿದಾಗ ಸಿಕ್ಕ ಅಂಕಿ ಬೆಚ್ಚಿಬೀಳಿಸುವಂಥದ್ದು: ಇಡೀ ಬ್ರಿಟಿಷ್ ಇಂಡಿಯಾಕ್ಕೆ ಇದ್ದ ನರ್ಸುಗಳು ಸುಮಾರು 7,000. ಅಂದರೆ 43,000 ಜನಕ್ಕೆ ಒಬ್ಬರು. ಇದು 500 ಜನಕ್ಕೆ ಒಬ್ಬರಂತೆ ಆಗಬೇಕು ಎಂದು ಸಮಿತಿ ಗುರಿ ಇಟ್ಟಿತು. ಅಷ್ಟು ಜನರಿಗೆ ಕಲಿಸಲು ಮೊದಲು ಗುರುಗಳು ಬೇಕು, ಮುಂದಾಳುಗಳು ಬೇಕು. ಅದಕ್ಕೆ ಆಸ್ಪತ್ರೆಯ ತರಬೇತಿ ಶಾಲೆ ಸಾಲದು, ವಿಶ್ವವಿದ್ಯಾಲಯವೇ ಬೇಕು ಎಂಬ ತಿಳಿವಳಿಕೆ ಆ ಹೊತ್ತಿಗೆ ಮೂಡಿತ್ತು. ದೆಹಲಿಯ ಕಾಲೇಜಿನ ಹೊಣೆ ಹೊತ್ತವರು ಮಾರ್ಗರೆಟಾ ಕ್ರೇಗ್. ಮುಂದೆ ಆ ಕಾಲೇಜಿಗೆ ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರು ಬಂತು. 1947ರ ಕಾಯಿದೆ ಭಾರತೀಯ ನರ್ಸಿಂಗ್ ಪರಿಷತ್ತನ್ನು ಹುಟ್ಟುಹಾಕಿತು.

ಪದವಿಯಿಂದ ಏನು ಬದಲಾಯಿತು ಎಂಬುದನ್ನು ನೋಡಲು ಹಾಸಿಗೆ ಹಾಕುವ ಪಾಠವನ್ನೇ ಗಮನಿಸಬಹುದು. ನೈಟಿಂಗೇಲ್ ಕಾಲದ ಹಾಳೆಯಲ್ಲಿದ್ದ ಆ ಕೆಲಸ ಇವತ್ತಿಗೂ ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷದವರ ಆರಂಭದ ಪಾಠಗಳಲ್ಲೊಂದು. ದುಪ್ಪಟಿಯನ್ನು ಎಳೆದು, ಮೂಲೆಯನ್ನು ಓರೆಯಾಗಿ ಮಡಚಿ, ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಬೇಕು. ಹಳೆಯ ತರಬೇತಿಯಲ್ಲಿ ಇಷ್ಟು ಬಂದರೆ ಸಾಕಿತ್ತು. ಮೇಟ್ರನ್ ಬಂದು ಕಣ್ಣು ಹಾಯಿಸಿದಾಗ ಸುಕ್ಕು ಕಾಣಬಾರದು, ಅಷ್ಟೇ. ಪದವಿ ತರಗತಿ ಅದರ ಜೊತೆಗೆ ಕಾರಣವನ್ನೂ ಕೇಳುತ್ತದೆ. ಅಲುಗಾಡಲಾಗದ ರೋಗಿಯ ಬೆನ್ನಿನ ಕೆಳಗೆ, ಮೂಳೆ ಎದ್ದಿರುವ ಕಡೆ, ಸುಕ್ಕು ಒತ್ತಿದರೆ ಚರ್ಮಕ್ಕೆ ರಕ್ತದ ಓಟ ಹೇಗೆ ತಗ್ಗುತ್ತದೆ? ಮೊದಲು ಕೆಂಪಾಗುವುದು ಯಾವ ಜಾಗ? ಈ ರೋಗಿಗೆ ಸಕ್ಕರೆ ಕಾಯಿಲೆ ಇದ್ದರೆ? ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು? ಅಂಗರಚನೆ, ಶರೀರಕ್ರಿಯೆ, ಆಹಾರ, ಸೂಕ್ಷ್ಮಾಣು ಎಲ್ಲವೂ ಒಂದು ದುಪ್ಪಟಿಯ ಮೇಲೆ ಬಂದು ಕೂರುತ್ತವೆ. ಆಮೇಲೆ ಅದನ್ನೆಲ್ಲ ಕೇರ್ ಪ್ಲಾನ್ ಆಗಿ ಬರೆದು ಟ್ಯೂಟರ್ ಮುಂದೆ ಸಮರ್ಥಿಸಿಕೊಳ್ಳಬೇಕು.

ಈ ಓದು ರೋಗಿಗೆ ದಕ್ಕುತ್ತದೆಯೇ ಎಂಬ ಅನುಮಾನಕ್ಕೆ 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಉತ್ತರ ಬಂತು. ಲಿಂಡಾ ಐಕನ್ ತಂಡ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ 4 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ಪರಿಶೀಲಿಸಿತ್ತು. ಪದವೀಧರ ನರ್ಸುಗಳ ಪ್ರಮಾಣ ಶೇ 10ರಷ್ಟು ಹೆಚ್ಚಿದ ಕಡೆ, ರೋಗಿ 30 ದಿನಗಳೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಕಡಿಮೆ. ಒಬ್ಬ ನರ್ಸ್ ಮೇಲೆ ಒಬ್ಬ ರೋಗಿಯ ಭಾರ ಹೆಚ್ಚಿದರೆ ಅಷ್ಟೇ ಪ್ರಮಾಣದಲ್ಲಿ ಸಾವಿನ ಸಾಧ್ಯತೆ ಹೆಚ್ಚು. ಈ ಎರಡನೆಯ ಮಾತನ್ನು ಆಸ್ಪತ್ರೆಗಳ ಆಡಳಿತ ನಡೆಸುವವರು ಗೋಡೆಯ ಮೇಲೆ ಬರೆಸಿಕೊಳ್ಳಬೇಕು.

ಕರ್ನಾಟಕಕ್ಕೆ ಈ ಚರಿತ್ರೆಯಲ್ಲಿ ಎರಡು ವಿಶಿಷ್ಟ ಪಾತ್ರಗಳಿವೆ. ಮೊದಲನೆಯದು ಹೆಮ್ಮೆಯದು. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, ಮುಂದೆ ನಿಮ್ಹಾನ್ಸ್ ಆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮನೋರೋಗ ಶುಶ್ರೂಷೆಗೆಂದೇ ಡಿಪ್ಲೊಮಾ ಆರಂಭಿಸಿತು. ಮಾನಸಿಕ ರೋಗಿಯನ್ನು ಕಾಯುವುದಕ್ಕೆ ಕಾವಲುಗಾರ ಸಾಕು ಎಂದಿದ್ದ ಕಾಲದಲ್ಲಿ ಅದಕ್ಕೂ ವಿದ್ಯೆ ಬೇಕು ಎಂದು ಹೇಳಿದ್ದು ದೊಡ್ಡ ಮಾತು.

ಎರಡನೆಯದು ಸಂಖ್ಯೆಯದು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲಿನ ವರ್ಷಗಳಲ್ಲಿ ಬೆಂಗಳೂರು, ಮಂಗಳೂರು ಕಡೆ ಖಾಸಗಿ ನರ್ಸಿಂಗ್ ಕಾಲೇಜುಗಳು ಸಾಲುಗಟ್ಟಿದವು. ಕೇರಳದಿಂದ ರೈಲು, ಬಸ್ಸು ಹತ್ತಿ ಬಂದ ಹುಡುಗ-ಹುಡುಗಿಯರು ಇಲ್ಲಿ ಕಲಿತು ಕೊಲ್ಲಿ ದೇಶಗಳಿಗೆ, ಬ್ರಿಟನ್ನಿಗೆ ಹೊರಟರು. ಆಗ ಹಳೆಯ ಸಮಸ್ಯೆ ತಲೆಕೆಳಗಾಗಿ ನಿಂತಿತು. ಹಿಂದೆ ವಾರ್ಡಿತ್ತು, ತರಗತಿ ಇರಲಿಲ್ಲ. ಈಗ ಎಷ್ಟೋ ಕಡೆ ತರಗತಿ ಇದೆ, ಸಾಕಷ್ಟು ರೋಗಿಗಳಿರುವ ವಾರ್ಡಿಲ್ಲ. ಕಾಲೇಜಿಗೆ ಸ್ವಂತದ 100 ಹಾಸಿಗೆಗಳ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು ಎಂದು ನರ್ಸಿಂಗ್ ಪರಿಷತ್ತು ಹೇಳುತ್ತಲೇ ಬಂದಿದೆ. ಒಂದೇ ಹಾಸಿಗೆಯ ಸುತ್ತ ಹತ್ತಾರು ಮಕ್ಕಳು ನಿಂತರೆ ಸೂಜಿ ಹಿಡಿಯುವ ಅವಕಾಶ ಒಬ್ಬರಿಗೆ, ನೋಡುವ ಭಾಗ್ಯ ಉಳಿದವರಿಗೆ.

2021ರ ಹೊಸ ಪಠ್ಯಕ್ರಮ ಇದನ್ನು ಸರಿಪಡಿಸಲು ಹೊರಟಿದೆ. ನಾಲ್ಕು ವರ್ಷವನ್ನು ಎಂಟು ಸೆಮಿಸ್ಟರ್ ಮಾಡಿದೆ. ಪ್ರತಿ ಪ್ರೊಸೀಜರ್ ಮಾಡಿದ್ದಕ್ಕೂ ಲಾಗ್‌ಬುಕ್‌ನಲ್ಲಿ ಸಹಿ ಬೇಕು, ರೋಗಿಯ ಮೈ ಮುಟ್ಟುವ ಮೊದಲು ಪ್ರಯೋಗಶಾಲೆಯ ಬೊಂಬೆಯ ಮೇಲೆ ಅಭ್ಯಾಸವಾಗಬೇಕು, ಕೊನೆಯ ಸೆಮಿಸ್ಟರ್ ಇಂಟರ್ನ್‌ಶಿಪ್. ವಾರ್ಡ್‌ರೋಪರ್ ಅವರ ಹಾಳೆಗೂ ಈ ಲಾಗ್‌ಬುಕ್ಕಿಗೂ ಇರುವ ನಂಟು ಸ್ಪಷ್ಟ. ಆದರೆ ಬರೀ ಸಹಿ ಹಾಕಿಸಿಕೊಂಡ ಲಾಗ್‌ಬುಕ್ಕಿನಿಂದ ಯಾರಿಗೂ ಇಂಜೆಕ್ಷನ್ ಕೊಡಲು ಬರುವುದಿಲ್ಲ. ಇಂಟರ್ನ್‌ಶಿಪ್ಪಿನ ಹೆಸರಿನಲ್ಲಿ ಮತ್ತೆ ಅಗ್ಗದ ದುಡಿಮೆ ನುಸುಳದಂತೆಯೂ ನೋಡಿಕೊಳ್ಳಬೇಕು.

ಇದಕ್ಕೊಂದು ದಾರಿಯನ್ನು ವೆಲ್ಲೂರು ಬಹಳ ಹಿಂದೆಯೇ ಹಾಕಿಕೊಟ್ಟಿದೆ. ಅಲ್ಲಿ ಪಾಠ ಹೇಳುವವರೇ ವಾರ್ಡಿನ ಶುಶ್ರೂಷೆಯ ಹೊಣೆಯನ್ನೂ ಹೊರುತ್ತಾರೆ. ಬೆಳಿಗ್ಗೆ ತರಗತಿಯಲ್ಲಿ ಹೇಳಿದ್ದು ಮಧ್ಯಾಹ್ನ ವಾರ್ಡಿನಲ್ಲಿ ನಡೆಯದಿದ್ದರೆ ಉತ್ತರಿಸಬೇಕಾದವರು ಅವರೇ. 2023ರ ಕಾಯಿದೆ 1947ರ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಆಯೋಗವನ್ನು ತರುತ್ತದೆ. ಕಾಲೇಜುಗಳನ್ನು ಪರಿಶೀಲಿಸಿ ದರ್ಜೆ ಕೊಡಲು ಅದರಡಿ ಪ್ರತ್ಯೇಕ ಮಂಡಳಿಗೂ ಅವಕಾಶವಿದೆ. ಆ ಮಂಡಳಿಯವರು ಕಟ್ಟಡ, ಗ್ರಂಥಾಲಯ, ಬೆಂಚುಗಳನ್ನು ಎಣಿಸುವ ಮೊದಲು ವಾರ್ಡಿಗೆ ಹೋಗಿ ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಕರೆದು, ಇವತ್ತು ನಿನ್ನ ಪಾಲಿಗೆ ಬಂದ ರೋಗಿಗಳು ಎಷ್ಟು, ನಿನಗೆ ಕಲಿಸಲು ಪಕ್ಕದಲ್ಲಿ ಯಾರಿದ್ದರು ಎಂದು ಕೇಳಬೇಕು.