ಹೆಡ್‌ಫೋನಿನ ಆಯುಷ್ಯ ಎಲ್ಲಿ ಅಡಗಿದೆ?

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿದ ಮೇಲೆ ಪೆರೇಸಂದ್ರ ಸಿಗುತ್ತದೆ. ಗುಡಿಬಂಡೆಗೆ ಹೋಗುವವರು ಇಲ್ಲಿ ಹೆದ್ದಾರಿ ಬಿಟ್ಟು ತಿರುಗಿಕೊಳ್ಳಬೇಕು. ಇಂತಹ ಊರುಗಳ ಬಸ್ ನಿಲ್ದಾಣದಲ್ಲಿ ಕಾಲೇಜಿಗೆ ಹೊರಟ ಹುಡುಗ ಹುಡುಗಿಯರ ಕಿವಿಯಲ್ಲಿ ಇಂದು ಹೆಡ್‌ಫೋನ್ ಕಾಣದಿದ್ದರೆ ಅದೇ ವಿಶೇಷ. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿ, ಪಾಠಗಳು ಮೊಬೈಲಿಗೆ ಬಂದಾಗ ಹಾಡು ಕೇಳುವ ಈ ಸಾಧನ ಪಾಟಿಚೀಲದ ಸಾಮಾನೂ ಆಯಿತು.

ಆದರೆ ಅದರ ಬಾಳಿಕೆ ಎಷ್ಟು? ಕೊಂಡ ಕೆಲವೇ ತಿಂಗಳಲ್ಲಿ ಒಂದು ಕಿವಿ ಮೌನ ತಾಳುತ್ತದೆ, ಇಲ್ಲವೇ ಬ್ಯಾಟರಿ ನಿಲ್ಲುವುದಿಲ್ಲ. ಹಳೆಯದನ್ನು ಎಸೆದು ಹೊಸದನ್ನು ಕೊಳ್ಳುವುದು ಮಾಮೂಲಿನ ಖರ್ಚಾಗಿಬಿಟ್ಟಿದೆ. ಇತ್ತ ನೂರು ವರ್ಷದ ಹಿಂದಿನ ಹೆಡ್‌ಫೋನುಗಳು ಹಳೆಯ ರೇಡಿಯೊ ಸಂಗ್ರಹಿಸುವ ಹವ್ಯಾಸಿಗಳ ಬಳಿ ಈಗಲೂ ಉಲಿಯುತ್ತಿವೆ. ಇದು ಹೇಗೆ ಸಾಧ್ಯ? ಹೆಡ್‌ಫೋನಿನ ಇತಿಹಾಸ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರತಿ ಕಾಲದ ಹೆಡ್‌ಫೋನಿಗೂ ಒಂದು ದುರ್ಬಲ ಅಂಗವಿತ್ತು. ಅದು ಯಾವುದೆಂದು ಅರಿತು ಕಾಪಾಡಿದವರ ಕೈಯಲ್ಲಿ ಯಂತ್ರ ಬಾಳಿತು.

ಕಾಂತ ಮತ್ತು ಕಬ್ಬಿಣದ ಬಿಲ್ಲೆ

ಹೆಡ್‌ಫೋನಿನ ಮೂಲ ಟೆಲಿಫೋನಿನಲ್ಲಿದೆ. 1876ರಲ್ಲಿ ಅಲೆಗ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದ. ಮುಂದೆ ರೂಪುಗೊಂಡ ಕಿವಿಯ ಭಾಗದಲ್ಲಿದ್ದುದು ಮೂರೇ ವಸ್ತು: ಒಂದು ಕಾಂತ, ಅದರ ಮೇಲೆ ಸುತ್ತಿದ ಕೂದಲೆಳೆಯಂತಹ ತಂತಿಯ ಸುರುಳಿ, ಎದುರಿಗೆ ತೆಳುವಾದ ಕಬ್ಬಿಣದ ಬಿಲ್ಲೆ. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಏರಿಳಿದಂತೆ ಬಿಲ್ಲೆ ನಡುಗುತ್ತದೆ. ಆ ನಡುಕವೇ ನಮಗೆ ಕೇಳುವ ಮಾತು.

ಎರಡು ಕಿವಿಗೂ ಕೂರುವ, ಸಣ್ಣ ದನಿಯನ್ನೂ ಹಿಡಿಯುವ ಹೆಡ್‌ಫೋನನ್ನು 1910ರ ಸುಮಾರಿಗೆ ತಯಾರಿಸಿದವನು ಅಮೆರಿಕದ ಯೂಟಾ ರಾಜ್ಯದ ನೆಥಾನಿಯಲ್ ಬಾಲ್ಡ್‌ವಿನ್. ಮನೆಯಲ್ಲೇ ಕೈಯಾರೆ ಮಾಡಿದ ಅವನ ಹೆಡ್‌ಫೋನುಗಳನ್ನು ಅಮೆರಿಕದ ನೌಕಾಪಡೆ ಪರೀಕ್ಷಿಸಿ ಮೆಚ್ಚಿಕೊಂಡಿತು. 1920ರ ದಶಕದಲ್ಲಿ ರೇಡಿಯೊ ಪ್ರಸಾರ ಶುರುವಾದಾಗ ಕ್ರಿಸ್ಟಲ್ ರೇಡಿಯೊ ಜನಪ್ರಿಯವಾಯಿತು. ಅದಕ್ಕೆ ಬ್ಯಾಟರಿ ಬೇಡ, ಕರೆಂಟೂ ಬೇಡ. ಆಕಾಶದಿಂದ ಬಂದ ಅಲೆಯ ಶಕ್ತಿಯೇ ಬಂಡವಾಳ. ಆದ್ದರಿಂದ ಹೆಡ್‌ಫೋನ್ ಇಲ್ಲದೆ ಅದು ಕೇಳಿಸುತ್ತಲೇ ಇರಲಿಲ್ಲ.

ಆ ಕಾಲದ ದುರ್ಬಲ ಅಂಗ ಕಾಂತ. ಅಂದಿನ ಉಕ್ಕಿನ ಕಾಂತ ಪೆಟ್ಟು ಬಿದ್ದರೆ ಶಕ್ತಿ ಕಳೆದುಕೊಳ್ಳುತ್ತಿತ್ತು. ಹೀಗಾಗಿ ಹೆಡ್‌ಫೋನನ್ನು ಕೆಳಗೆ ಬೀಳಿಸಬಾರದೆಂಬುದು ಮೊದಲ ಪಾಠವಾಗಿತ್ತು. ವಾಲ್ವ್ ರೇಡಿಯೊಗೆ ಜೋಡಿಸುವಾಗ ತಂತಿಯ ಧನ, ಋಣ ತುದಿಗಳನ್ನು ಅದಲುಬದಲು ಮಾಡಿದರೂ ಕಾಂತ ಸೊರಗುತ್ತಿತ್ತು. ಬಿಲ್ಲೆಗೆ ತೇವ ತಾಗಿದರೆ ತುಕ್ಕು, ಬೆರಳು ಒತ್ತಿದರೆ ಸೊಟ್ಟ. ಅದನ್ನು ತೆಗೆಯಬೇಕಾದರೆ ಮೇಲಕ್ಕೆ ಕೀಳದೆ ಪಕ್ಕಕ್ಕೆ ಜಾರಿಸಬೇಕು. ಒಂದು ಅನುಕೂಲವೂ ಇತ್ತು: ಮುಚ್ಚಳ ತಿರುಪಿನದು. ಯಾರು ಬೇಕಾದರೂ ಬಿಚ್ಚಿ, ಧೂಳು ಒರೆಸಿ, ಮತ್ತೆ ತಿರುಗಿಸಿ ಮುಚ್ಚಬಹುದಿತ್ತು. ಅವುಗಳ ದೀರ್ಘಾಯುಷ್ಯದ ಗುಟ್ಟು ಈ ತಿರುಪಿನಲ್ಲಿತ್ತು.

ಎಳೆದರೆ ಕೆಟ್ಟಿತು

ಕನ್ನಡ ನಾಡಿನಲ್ಲಿ ರೇಡಿಯೊ ಕಥೆ ಆರಂಭವಾಗುವುದು ಮೈಸೂರಿನಲ್ಲಿ. ಮನೋವಿಜ್ಞಾನದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದರು. ಮುಂದೆ ಮನೆಗಳಿಗೂ ಪಂಚಾಯಿತಿ ಕಟ್ಟೆಗಳಿಗೂ ಬಂದದ್ದು ಎಲ್ಲರೂ ಕೂಡಿ ಕೇಳುವ ಧ್ವನಿವರ್ಧಕದ ರೇಡಿಯೊ. ಹೆಡ್‌ಫೋನ್ ಉಳಿದುಕೊಂಡದ್ದು ಕಚೇರಿಗಳಲ್ಲಿ, ಅದರಲ್ಲೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ.

ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಆಗ ಊರಿಂದೂರಿಗೆ ಮಾತನಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ತಲೆಗೆ ಹೆಡ್‌ಫೋನ್ ಧರಿಸಿದ ಆಪರೇಟರ್, ಹಲಗೆಯ ತೂತುಗಳಿಗೆ ಪ್ಲಗ್ ಚುಚ್ಚಿ ಎರಡು ಊರನ್ನು ಬೆಸೆಯುತ್ತಿದ್ದರು. ಆ ಕಾಲಿಂಚಿನ ಪ್ಲಗ್ಗಿನ ಮರಿಯೇ ಮೊಬೈಲಿಗೆ ಸಿಕ್ಕಿಸುವ 3.5 ಮಿ.ಮೀ. ಪ್ಲಗ್.

ದಿನಕ್ಕೆ ನೂರಾರು ಬಾರಿ ಚುಚ್ಚಿ ಕೀಳುವ ಈ ಕೆಲಸದಲ್ಲಿ ದುರ್ಬಲ ಅಂಗ ತಂತಿಯಾಯಿತು. ಬಾಗಿ ಬಳುಕುವ ಜಾಗದಲ್ಲಿ ಗಟ್ಟಿ ತಾಮ್ರದ ತಂತಿ ಬೇಗ ಮುರಿಯುತ್ತದೆ. ಅದಕ್ಕೆಂದೇ ಕಾಗದದಷ್ಟು ತೆಳುವಾದ ತಾಮ್ರದ ಪಟ್ಟಿಯನ್ನು ನೂಲಿನ ಎಳೆಗೆ ಜರಿಯಂತೆ ಸುತ್ತಿದ ತಂತಿಯನ್ನು ಬಳಕೆಗೆ ತಂದರು. ಶಿಡ್ಲಘಟ್ಟ, ಚಿಂತಾಮಣಿಯ ಕಡೆಯವರಿಗೆ ನೂಲು, ಜರಿಯ ಹೋಲಿಕೆ ಬೇಗ ಅರ್ಥವಾದೀತು. ಎಷ್ಟೇ ಬಳುಕಿದರೂ ಎಳೆದಾಗ ಅದೂ ಹರಿಯುತ್ತದೆ. 'ಪ್ಲಗ್ಗನ್ನು ಹಿಡಿದು ಕೀಳು, ತಂತಿಯನ್ನು ಹಿಡಿದಲ್ಲ' ಎಂಬ ಮಾತು ಅಂದಿಗೂ ಸರಿ, ಇಂದಿಗೂ ಸರಿ.

1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಕೆಲಸ ಆರಂಭಿಸಿತು. ಅಂಥ ಯಂತ್ರಗಳು ಊರೂರಿಗೆ ಬಂದಂತೆ ಆಪರೇಟರರ ಹೆಡ್‌ಫೋನ್ ಮೂಲೆ ಸೇರಿತು. ತಂತಿಯ ದೌರ್ಬಲ್ಯ ಮಾತ್ರ ಉಳಿಯಿತು. ಇಂದಿಗೂ ತಂತಿಯ ಹೆಡ್‌ಫೋನುಗಳು ಹೆಚ್ಚಾಗಿ ಕೆಡುವುದು ಪ್ಲಗ್ಗಿನ ಬುಡದಲ್ಲಿ. ಮೊಬೈಲಿಗೆ ಸಿಕ್ಕಿಸಿದಂತೆಯೇ ಜೇಬಿಗೆ ತುರುಕುವುದು, ಮೊಬೈಲಿನ ಸುತ್ತ ಬಿಗಿದು ಸುತ್ತುವುದು ಇದಕ್ಕೆ ಕಾರಣ. ಕೈಬೆರಳ ಮೇಲೆ ಸಡಿಲವಾಗಿ ಸುತ್ತಿ ಸಣ್ಣ ಡಬ್ಬಿಯಲ್ಲಿಟ್ಟರೆ ಸಾಕು. ಬುಡದಲ್ಲಿ ಹರಿದರೂ ಚಿಂತೆಯಿಲ್ಲ. ಹೊಸ ಪ್ಲಗ್ ಹಾಕಿ ಬೆಸುಗೆ ಕೊಡಬಹುದು. ಒಳಗಿನ ಎಳೆಗಳ ಮೇಲೆ ಬಣ್ಣದ ಅರಗಿನ ಲೇಪವಿರುತ್ತದೆ. ಅದನ್ನು ಮೊದಲು ಸುಟ್ಟು ತೆಗೆಯದಿದ್ದರೆ ಬೆಸುಗೆ ಹಿಡಿಯದು.

ಬೀರುವಿನಲ್ಲೇ ಪುಡಿಯಾಗುವ ದಿಂಬು

ಹೆಡ್‌ಫೋನ್ ಸಂಗೀತದ ಸಾಧನವಾಗಿ ಬೆಳೆದದ್ದು ಆಮೇಲಿನ ಮಾತು. 1937ರಲ್ಲಿ ಜರ್ಮನಿಯ ಬೇಯರ್ ಕಂಪನಿ ಡಿಟಿ 48 ಎಂಬ ಮಾದರಿಯನ್ನು ತಂದಿತು. ಅದರಲ್ಲಿ ಕಬ್ಬಿಣದ ಬಿಲ್ಲೆಯ ಬದಲು, ಪೊರೆಗೆ ಅಂಟಿದ ಸುರುಳಿಯೇ ಅಲುಗುತ್ತಿತ್ತು. 1958ರಲ್ಲಿ ಅಮೆರಿಕದ ಜಾನ್ ಕಾಸ್ ಸ್ಟೀರಿಯೊ ಹೆಡ್‌ಫೋನನ್ನು ಮನೆಮನೆಗೆ ಪರಿಚಯಿಸಿದ. 1979ರ ಜುಲೈ 1ರಂದು ಜಪಾನಿನಲ್ಲಿ ಸೋನಿಯ ವಾಕ್‌ಮನ್ ಮಾರುಕಟ್ಟೆಗೆ ಬಂತು. ಅದರ ಜೊತೆಗಿದ್ದ ಹೆಡ್‌ಫೋನಿನ ತೂಕ 50 ಗ್ರಾಂಗೂ ಕಡಿಮೆ. ಕಿವಿಗೆ ಒತ್ತದಿರಲೆಂದು ಸ್ಪಂಜಿನ ದಿಂಬು.

ಈ ಮೃದು ಸ್ಪಂಜೇ ಹೊಸ ದುರ್ಬಲ ಅಂಗ. ಸ್ಪಂಜು, ಅದರ ಮೇಲಿನ ಕೃತಕ ಚರ್ಮ ಎರಡೂ ಹೆಚ್ಚಾಗಿ ಪಾಲಿಯುರಿಥೇನ್ ಎಂಬ ವಸ್ತುವಿನವು. ಗಾಳಿಯ ತೇವ, ಬೆವರು ಇದರ ರಾಸಾಯನಿಕ ಕೊಂಡಿಗಳನ್ನು ನಿಧಾನವಾಗಿ ಕಡಿಯುತ್ತವೆ. ಮೊದಲು ಅಂಟಂಟು, ಬಳಿಕ ಪುಡಿಪುಡಿ. ಬಳಸದೆ ಬೀರುವಿನಲ್ಲಿಟ್ಟರೂ ಇದು ತಪ್ಪದು, ತಡವಾಗಬಹುದು ಅಷ್ಟೆ. ತೆಗೆದಿಡುವ ಮುನ್ನ ಒಣ ಬಟ್ಟೆಯಲ್ಲಿ ಬೆವರು ಒರೆಸಬೇಕು. ಒದ್ದೆಯಿರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು. ಕೃತಕ ಚರ್ಮಕ್ಕೆ ಸ್ಪಿರಿಟ್ ಹಚ್ಚಬಾರದು. ದಿಂಬು ಸವೆದ ಮಾತ್ರಕ್ಕೆ ಹೆಡ್‌ಫೋನ್ ಸತ್ತಿತೆಂದಲ್ಲ. ಅನೇಕ ಮಾದರಿಗಳಿಗೆ ಹೊಸ ದಿಂಬು ಬೇರೆಯಾಗಿಯೇ ಸಿಗುತ್ತದೆ.

ಬಯಲುಸೀಮೆಯಲ್ಲಿ ಇನ್ನೊಂದು ಶತ್ರು ಧೂಳು. ಪೆರೇಸಂದ್ರದ ಸುತ್ತಮುತ್ತ ಕಲ್ಲು ಗಣಿಗಳಿವೆ, ಹೆದ್ದಾರಿಯ ದೂಳಿದೆ. ಹೆಡ್‌ಫೋನಿನೊಳಗೆ ಇರುವುದು ಕಾಂತವಾದ್ದರಿಂದ ಧೂಳಿನಲ್ಲಿರುವ ಕಬ್ಬಿಣದ ಕಣಗಳನ್ನು ಅದು ಸೆಳೆದುಕೊಳ್ಳುತ್ತದೆ. ಕಣ ಪೊರೆಗೆ ತಾಗಿದರೆ ಗರಗರ ಸದ್ದು. ಕಿವಿಯೊಳಗೆ ಕೂರುವ ಬಗೆಗೆ ಗುಗ್ಗೆಯ ಕಾಟವೂ ಉಂಟು. ಜಾಲರಿಯನ್ನು ಕೆಳಮುಖವಾಗಿ ಹಿಡಿದು, ಒಣಗಿದ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಟ್ಟಿ ಉಜ್ಜಿದರೆ ಕೊಳೆ ಹೊರಗೆ ಬೀಳುತ್ತದೆ. ಪಿನ್ನು ಚುಚ್ಚಿದರೆ ಪೊರೆ ತೂತಾದೀತು.

ಬೆಂಕಿಪೊಟ್ಟಣದಷ್ಟು ಡಬ್ಬಿ, ಅದರೊಳಗೆ ಬ್ಯಾಟರಿ

2016ರಲ್ಲಿ ಆಪಲ್ ಕಂಪನಿ ತನ್ನ ಐಫೋನಿನಿಂದ ಹೆಡ್‌ಫೋನ್ ತೂತನ್ನೇ ತೆಗೆದುಹಾಕಿತು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ತಂತಿಯಿಲ್ಲದ ಬ್ಲೂಟೂತ್ ಇಯರ್‌ಬಡ್‌ಗಳ ಕಾಲ ಬಂತು. ತಂತಿ ಹೋಯಿತು, ಅದರೊಂದಿಗೆ ತಂತಿಯ ತಾಪತ್ರಯವೂ ಹೋಯಿತು. ಆದರೆ ದೌರ್ಬಲ್ಯ ಹೋಯಿತೇ? ಅದು ಬ್ಯಾಟರಿಗೆ ವರ್ಗವಾಯಿತು, ಅಷ್ಟೆ.

ಲೀಥಿಯಂ ಬ್ಯಾಟರಿ ಕೆಲವು ನೂರು ಸಲ ತುಂಬಿ ಖಾಲಿಯಾಗುವಷ್ಟರಲ್ಲಿ ಕಸುವು ಕಳೆದುಕೊಳ್ಳುತ್ತದೆ. ಬಿಸಿಯಲ್ಲಿಟ್ಟರೆ ಇನ್ನೂ ಬೇಗ. ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರು, ಬೈಕಿನ ಡಬ್ಬಿ ಇದಕ್ಕೆ ಒಲೆಯಿದ್ದಂತೆ. ಪೂರ್ತಿ ಖಾಲಿಯಾಗುವವರೆಗೂ ಬಳಸುವುದು, ರಾತ್ರಿಯಿಡೀ ಚಾರ್ಜಿಗೆ ಹಾಕುವುದು ಎರಡೂ ಒಳ್ಳೆಯದಲ್ಲ. ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿಟ್ಟು, ಕೆಲವು ತಿಂಗಳಿಗೊಮ್ಮೆ ತುಂಬಬೇಕು. ಡಬ್ಬಿಯೊಳಗಿನ ಹೊಳೆಯುವ ಚುಕ್ಕೆಗಳಿಗೆ ಬೆವರು ತಾಗಿದರೆ ಚಾರ್ಜು ಹತ್ತುವುದಿಲ್ಲ. ಒಣ ಹತ್ತಿಯಿಂದ ಒರೆಸಿದರೆ ಎಷ್ಟೋ ಸಲ 'ಕೆಟ್ಟ' ಹೆಡ್‌ಫೋನ್ ಎದ್ದು ಕೂರುತ್ತದೆ. 'ಐಪಿಎಕ್ಸ್ 4' ಎಂದು ಬರೆದಿದ್ದರೆ ನೀರಿನ ಸಿಡಿತ ತಡೆದುಕೊಳ್ಳುತ್ತದೆ ಎಂದಷ್ಟೇ ಅರ್ಥ. ಮುಳುಗಿಸಬಹುದು ಎಂದಲ್ಲ.

ಇಷ್ಟೆಲ್ಲ ಮಾಡಿದರೂ ಬ್ಯಾಟರಿಗೆ ಒಂದು ದಿನ ಕೊನೆ ಇದ್ದೇ ಇದೆ. ಆಗ ಬದಲಿಸೋಣವೆಂದರೆ ತಿರುಪಿಲ್ಲ, ಎಲ್ಲವೂ ಅಂಟು. ಪೊರೆ, ಸುರುಳಿ, ಕಾಂತ ಗಟ್ಟಿಯಾಗಿದ್ದರೂ ಕಡಲೆಯಷ್ಟು ಗಾತ್ರದ ಬ್ಯಾಟರಿಗಾಗಿ ಇಡೀ ಯಂತ್ರ ಕಸವಾಗುತ್ತದೆ. ಇದನ್ನು ಕಂಡೇ ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿ, 2027ರ ಫೆಬ್ರುವರಿಯಿಂದ ಕೈಯಲ್ಲಿ ಹಿಡಿಯುವಂಥ ಉಪಕರಣಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಳಕೆದಾರರೇ ತೆಗೆದು ಬದಲಿಸುವಂತಿರಬೇಕೆಂದು ವಿಧಿಸಿತು. ಭಾರತ ಸರ್ಕಾರವೂ 2022ರ ಡಿಸೆಂಬರಿನಲ್ಲಿ 'ದುರಸ್ತಿಯ ಹಕ್ಕು' ಜಾಲತಾಣವನ್ನು ಆರಂಭಿಸಿತು. ಕಂಪನಿಗಳು ದುರಸ್ತಿಯ ಮಾಹಿತಿಯನ್ನು ಜನರಿಗೆ ಒದಗಿಸಬೇಕೆಂಬುದು ಅದರ ಆಶಯ.

ಕೊಳ್ಳುವಾಗಲೇ ಒಂದು ಪ್ರಶ್ನೆ ಕೇಳುವುದು ಮೇಲು: ಇದರಲ್ಲಿ ಮೊದಲು ಕೆಡುವ ಭಾಗ ಯಾವುದು, ಅದನ್ನು ಬದಲಿಸಬಹುದೇ? ತಂತಿ ಕಳಚಿ ಹಾಕಬಹುದಾದ, ದಿಂಬು ಬಿಡಿಯಾಗಿ ಸಿಗುವ ಹೆಡ್‌ಫೋನಿಗೆ ಬೆಲೆ ತುಸು ಹೆಚ್ಚಾದರೂ ನಷ್ಟವಿಲ್ಲ. ಇನ್ನೊಂದು ಮಾತು. ದನಿಯನ್ನು ತುದಿಗೇರಿಸಿ ಕೇಳಿದರೆ ಪೊರೆ ಸವೆಯುತ್ತದೆ, ಕಿವಿಯೂ ಸವೆಯುತ್ತದೆ. ಹೆಡ್‌ಫೋನಿನ ಪೊರೆ ಹೋದರೆ ಹೊಸದು ಅಂಗಡಿಯಲ್ಲಿದೆ. ಕಿವಿಯೊಳಗಿನ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.