ವಿಮಾನದ ಒಳಸದ್ದಿನ ಮುನ್ನಂದಾಜು
ವಿಮಾನ ಹಾರುವ ಮೊದಲೇ, ಪ್ರಯಾಣಿಕರ ಕಿವಿಗೆ ಎಷ್ಟು ಸದ್ದು ಬೀಳಲಿದೆ ಎಂದು ಲೆಕ್ಕಹಾಕುವ ವಿಧಾನ. ಜೆಟ್‌ ವಿಮಾನ ಎತ್ತರದಲ್ಲಿ ಸಾಗುವಾಗ ಒಡಲಿಗೆ ಉಜ್ಜಿ ಹರಿಯುವ ಗಾಳಿಯ ಸದ್ದೇ ಹೆಚ್ಚು. ಪ್ರೊಪೆಲ್ಲರ್ ವಿಮಾನದಲ್ಲಿ ಅಲಗುಗಳದ್ದೇ ಕಾರುಬಾರು. ಈ ಗುಂಯ್‌ಗುಡುವಿಕೆಯ ಆವೃತ್ತಿಯನ್ನು ಯಾರಾದರೂ ಲೆಕ್ಕಹಾಕಬಹುದು: ಅಲಗುಗಳ ಸಂಖ್ಯೆಯನ್ನು ಸೆಕೆಂಡಿಗಾಗುವ ಸುತ್ತುಗಳಿಂದ ಗುಣಿಸಿದರೆ ಸಾಕು. ಕೆರೂರ, ಬಾದಾಮಿ ಕಡೆಯವರು ಹುಬ್ಬಳ್ಳಿಯಲ್ಲಿ ಹತ್ತಿರಬಹುದಾದ ಎಟಿಆರ್‌-72ರ ಪ್ರತಿ ಪ್ರೊಪೆಲ್ಲರ್‌ಗೆ ಆರು ಅಲಗು. ನಿಮಿಷಕ್ಕೆ 1200 ಸುತ್ತಿನ ಪೂರ್ಣ ವೇಗದಲ್ಲಿ ಅದು 120 ಹರ್ಟ್ಸ್.

ಕಷ್ಟವಿರುವುದು ಆ ಸದ್ದು ಗೋಡೆ ದಾಟಿ ಎಷ್ಟು ಒಳಬರುತ್ತದೆ ಎಂಬಲ್ಲಿ. ಕೆಳ ಆವೃತ್ತಿಗಳಿಗೆ ಒಡಲನ್ನು ಸಣ್ಣ ತುಣುಕುಗಳಾಗಿ ಒಡೆದು ಲೆಕ್ಕಿಸುವ ಫೈನೈಟ್ ಎಲಿಮೆಂಟ್ ವಿಧಾನ, ಮೇಲಿನವಕ್ಕೆ ಶಕ್ತಿಯ ಸರಾಸರಿ ಹರಿವನ್ನು ನೋಡುವ ಸಂಖ್ಯಾಶಾಸ್ತ್ರೀಯ ವಿಧಾನ ಬಳಕೆಯಲ್ಲಿವೆ. ಗೋಡೆಯ ತೂಕ ಇಮ್ಮಡಿಸಿದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿದೀತು. ವಿಮಾನಕ್ಕೆ ಇದು ದುಬಾರಿ ಮದ್ದು.

ವಿನ್ಯಾಸದಲ್ಲೇ ಸದ್ದು ತಗ್ಗಿಸುವುದು ಜಾಣತನ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ‘ಸರಸ್’ ವಿಮಾನ ಇದಕ್ಕೆ ನಮ್ಮದೇ ಉದಾಹರಣೆ. ಅದರ ಪ್ರೊಪೆಲ್ಲರ್‌ಗಳು ಬಾಲದ ಕಡೆಗಿದ್ದು ಹಿಂದಿನಿಂದ ತಳ್ಳುತ್ತವೆ. ಹೀಗಾಗಿ ಅಲಗುಗಳ ಸದ್ದು ಆಸನಗಳಿಂದ ದೂರ ಉಳಿಯುತ್ತದೆ. ‘ಸರಸ್’ ಮೊದಲು ಹಾರಿದ್ದು 2004ರ ಮೇ 29ರಂದು.