ಮೆಣಸಿನಕಾಯಿಗಿಂತ ಹಳೆಯ ಗುಡಿಗಳು

ಬ್ಯಾಡಗಿ ಮಾರ್ಕೆಟ್ಟಿಗೆ ಚೀಲ ಹೇರಿಕೊಂಡು ಬಂದ ಯಾರನ್ನೇ ಕೇಳಿ, ಮೆಣಸಿನಕಾಯಿ ನಮ್ಮ ಮುತ್ತಜ್ಜನ ಕಾಲದಿಂದ ಇದೆ ಅನ್ನುತ್ತಾರೆ. ಸುಳ್ಳಲ್ಲ. ಆದರೆ ನಮ್ಮ ಊರುಗಳ ಕಲ್ಲಿನ ಗುಡಿಗಳು ಎದ್ದಾಗ ಈ ಸೀಮೆಯಲ್ಲಿ ಒಂದು ಮೆಣಸಿನ ಗಿಡವೂ ಇರಲಿಲ್ಲ. ಅದು ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದದ್ದು 1500ರ ಈಚೆಗೆ. ಹಾವೇರಿಯ ಸಿದ್ಧೇಶ್ವರ, ಗಳಗನಾಥದ ಗಳಗೇಶ್ವರ, ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಗಳು ಅದಕ್ಕಿಂತ 300-400 ವರ್ಷ ಹಳೆಯವು. ಅವನ್ನು ಕಟ್ಟಿದ ಕಲ್ಲುಕುಟಿಗರು ಊಟಕ್ಕೆ ಖಾರ ಬೇಕೆಂದರೆ ಕರಿಮೆಣಸನ್ನೇ ನೆಚ್ಚಬೇಕಿತ್ತು.

ಈ ಲೆಕ್ಕ ನಮ್ಮ ತಲೆಗೆ ಹೊಕ್ಕಿದ್ದು ಫ್ರಾನ್ಸ್ ದೇಶದ ಬರ್ಗಂಡಿ ಸೀಮೆಯ ಬಗ್ಗೆ ಓದುವಾಗ. ಅಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾರೆ. ತೋಟಗಳ ನಡುವೆ ಶಾಪೇಜ್‌ನಂಥ ಸಣ್ಣ ಸಣ್ಣ ಹಳ್ಳಿಗಳು, ಹಳ್ಳಿಗಳಲ್ಲಿ 900-1000 ವರ್ಷದ ಚರ್ಚುಗಳು. ದಪ್ಪ ಗೋಡೆ, ಸಣ್ಣ ಕಿಟಕಿ, ಅರ್ಧ ಬಳೆಯಂಥ ಕಮಾನು. ಈ ಶೈಲಿಗೆ ರೊಮಾನೆಸ್ಕ್ ಅನ್ನುತ್ತಾರೆ. ಅವುಗಳನ್ನು ನೋಡಲೆಂದೇ ಜನ ಸೈಕಲ್ ಏರಿ ಊರೂರು ಸುತ್ತುತ್ತಾರಂತೆ. ಅಲ್ಲಿನ ಕ್ಲೂನಿ ಮಠದ ದೊಡ್ಡ ಚರ್ಚಿನ ಕೆಲಸ ಶುರುವಾದದ್ದು 1088ರಲ್ಲಿ. ಆಗ ನಮ್ಮಲ್ಲಿ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ, 1076ರಿಂದ 1126ರವರೆಗೆ. ಅಲ್ಲಿ ಉಳಿ ಸುತ್ತಿಗೆ ಸದ್ದು ಮಾಡುತ್ತಿದ್ದಾಗಲೇ ಇಲ್ಲೂ ಮಾಡುತ್ತಿತ್ತು. ಒಂದು ಭಾನುವಾರ ನಾವೂ ಬೈಕ್ ತೆಗೆದೆವು.

ಹಾವೇರಿಯ ಸಿದ್ಧೇಶ್ವರ ಗುಡಿ ನಮಗೆಲ್ಲ ಗೊತ್ತಿದ್ದದ್ದೇ, ಆದರೆ ನೋಡಿದ್ದು ಕಡಿಮೆ. ಅದರ ಮುಖ ಪಶ್ಚಿಮಕ್ಕಿದೆ. ಹೆಚ್ಚಿನ ಗುಡಿಗಳು ಪೂರ್ವಕ್ಕೆ ನೋಡುತ್ತವೆ. ಹಾಗಾಗಿ ಮೊದಲು ಇದು ಬೇರೆ ದೇವರ ಗುಡಿಯಾಗಿತ್ತೇನೋ ಎಂಬ ಅನುಮಾನ ವಿದ್ವಾಂಸರಲ್ಲಿದೆ. ನೆಲ ಕುಸಿದು, ಈಗ ಮೆಟ್ಟಿಲಿಳಿದು ಒಳಗೆ ಹೋಗಬೇಕು. ಇಡೀ ಗುಡಿ ಬಳಪದ ಕಲ್ಲಿನದು. ಬಾದಾಮಿ, ಪಟ್ಟದಕಲ್ಲಿನ ಹಳೆಯ ಚಾಲುಕ್ಯರು ಮರಳುಗಲ್ಲು ಬಳಸಿದರು. ಕಲ್ಯಾಣದವರ ಕಾಲಕ್ಕೆ ಬಳಪದ ಕಲ್ಲು ಬಂತು. ಕಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಅದಕ್ಕೇ ಕಂಬಗಳನ್ನು ತಿರುಗಿಸಿ, ಬುಗುರಿಯ ಹಾಗೆ ಕಡೆಯಲು ಆಯಿತು. ಕಂಬದ ಮೇಲೆ ಕೈಯಾಡಿಸಿದರೆ ಏಣುಗಳು ಈಗಲೂ ಬೆರಳಿಗೆ ಸಿಗುತ್ತವೆ. (ಕೈಯಾಡಿಸಬೇಡಿ. ಎಣ್ಣೆಗೈ ಕಲ್ಲಿಗೆ ಒಳ್ಳೆಯದಲ್ಲ ಎಂದು ಆಮೇಲೆ ತಿಳಿಯಿತು.)

ಗಳಗನಾಥ ಇರುವುದು ವರದಾ ನದಿ ತುಂಗಭದ್ರೆಗೆ ಸೇರುವ ಕಡೆ. ಗುಡಿಯ ಬುಡ ಪಿರಮಿಡ್ಡಿನ ಹಾಗೆ ಇಳಿಜಾರಾಗಿ ಹರಡಿಕೊಂಡಿದೆ. ಹೊಳೆದಂಡೆಯಲ್ಲಿ ನಿಲ್ಲಬೇಕಾದ ಗುಡಿ ಕಾಲಗಲಿಸಿ ನಿಂತಂತೆ ನಮಗೆ ಕಂಡಿತು. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು ಗಳಗನಾಥ ಎಂಬ ಹೆಸರಿಟ್ಟುಕೊಂಡದ್ದು ಇಲ್ಲಿನ ದೇವರದು.

ಚೌಡಯ್ಯದಾನಪುರದಲ್ಲಿ ಮಾತ್ರ ನಾವು ಸಂಜೆತನಕ ಉಳಿದೆವು. ಒಂದೇ ಗರ್ಭಗುಡಿ, ಹಿಂದೆ ತುಂಗಭದ್ರೆ, ಆಳೆತ್ತರದ ಶಾಸನದ ಕಲ್ಲುಗಳು. ಊರ ಹೆಸರಲ್ಲಿ ಅಂಬಿಗರ ಚೌಡಯ್ಯನವರಿದ್ದಾರೆ. ಈ ಭಾಗ ಆಳಿದವರು ಗುತ್ತಲದ ಗುತ್ತರು, ತಾವು ಉಜ್ಜಯಿನಿಯ ಗುಪ್ತರ ವಂಶದವರೆಂದು ಹೇಳಿಕೊಳ್ಳುತ್ತಿದ್ದ ಸಣ್ಣ ಅರಸರು. ಇಲ್ಲಿ ನೆಲೆಸಿದ ಶಿವದೇವ ಎಂಬ ಶರಣರು ಊರಿಗೆ ಕಾಲಿಟ್ಟ ದಿನ ಕೂಡ ಶಾಸನದಿಂದ ತಿಳಿದಿದೆ: 1225ರ ಆಗಸ್ಟ್ 19. ನಮ್ಮ ಮುತ್ತಜ್ಜ ಹುಟ್ಟಿದ ತಾರೀಖು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ವಸುಂಧರಾ ಫಿಲಿಯೋಜಾ ಮತ್ತು ಅವರ ಪತಿ, ಫ್ರಾನ್ಸಿನ ವಿದ್ವಾಂಸ ಪಿಯರ್ ಸಿಲ್ವೆನ್ ಫಿಲಿಯೋಜಾ ಇದೊಂದೇ ಗುಡಿಯ ಮೇಲೆ ಒಂದು ಪುಸ್ತಕ ಬರೆದಿದ್ದಾರೆ, 1995ರಲ್ಲಿ ಬಂತು.

ಈ ಮೂರೂ ಗುಡಿಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಂಥ ಗುಡಿಯ ಸುತ್ತ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಒಳಗೆ ಅನುಮತಿ ಬೇಕು. ಕಲ್ಲು ಉಳಿದದ್ದು ಈ ಕಾನೂನಿನಿಂದಲೂ ಹೌದು. ಆದರೆ ಗುಡಿ ಪಕ್ಕದಲ್ಲೇ ಅಜ್ಜನ ಮನೆ ಇದ್ದು, ಮಗನಿಗೆ ಇನ್ನೊಂದು ಕೋಣೆ ಕಟ್ಟಲಾಗದವನ ಸಂಕಟವೂ ಸುಳ್ಳಲ್ಲ. ಕಾನೂನೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕ್ಲೂನಿಯೇ ಸಾಕ್ಷಿ. ಫ್ರೆಂಚ್ ಕ್ರಾಂತಿಯ ನಂತರ ಆ ದೊಡ್ಡ ಚರ್ಚನ್ನು ಮಾರಿದರು, ಕೊಂಡವರು ಕಲ್ಲು ಕಿತ್ತು ಮಾರಿದರು, ಈಗ ಉಳಿದಿರುವುದು ಸ್ವಲ್ಪ ಭಾಗ.

ಪಟ್ಟಿಗೆ ಸೇರದ ಗುಡಿಗಳ ಗತಿ ಬೇರೆ. ಹಿಂದಿರುಗುವ ದಾರಿಯಲ್ಲಿ ಒಂದು ಊರಲ್ಲಿ ಕಂಬಗಳಿಗೆಲ್ಲ ಹಸಿರು ಆಯಿಲ್ ಪೇಂಟ್ ಬಳಿದಿದ್ದರು. ಭಕ್ತಿಯಿಂದಲೇ ಬಳಿದದ್ದು, ಬೈಯಲು ಬಾಯಿ ಬರಲಿಲ್ಲ. ಇನ್ನೊಂದು ಊರಲ್ಲಿ ಶಾಸನದ ಕಲ್ಲಿನ ಮೇಲೆ ಅಜ್ಜಿಯೊಬ್ಬರು ಬಟ್ಟೆ ಒಗೆಯುತ್ತಿದ್ದರು. ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ಆಕಳು-ಕರು ಸ್ಪಷ್ಟವಾಗಿದ್ದವು. ಕೆಳಗಿನ ಸಾಲುಗಳು ಸವೆದಿದ್ದವು.

"ಕಲ್ಲ ನೋಡಾಕ ಇಷ್ಟ ದೂರ ಬಂದೀರೇನ್ ತಮ್ಮಾ? ನಿಧಿ ಐತಿ ಅಂತ ಬರದಾರೇನು?"

ಇಲ್ಲಮ್ಮ ಎಂದೆವು. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ದಾನದ ಲೆಕ್ಕ. ದೇವರ ನಂದಾದೀಪಕ್ಕೆ ಗಾಣದ ಎಣ್ಣೆ, ಪೂಜೆಗೆ ಹೂದೋಟ, ಇಷ್ಟು ಮತ್ತರು ಹೊಲ. ಕೊನೆಗೆ, ಈ ದಾನ ಕಸಿದವನಿಗೆ ವಾರಣಾಸಿಯಲ್ಲಿ ಆಕಳು ಕೊಂದ ಪಾಪ ತಟ್ಟಲಿ ಎಂಬ ಶಾಪ.

ಅಜ್ಜಿ ಒದ್ದೆ ಸೀರೆ ಹಿಂಡುವುದನ್ನು ನಿಲ್ಲಿಸಿ ಕಲ್ಲನ್ನೊಮ್ಮೆ ನೋಡಿದರು.

"ಹೌದಾ? ಹಂಗಾದ್ರ ಆ ಹೊಲ ಈಗ ಯಾರ ಹೆಸರಿಗೈತಿ?"